ಮೋಗ್ಲಿ ಯಾವ ಭಾಷೆಯಲ್ಲಿ ಮರಳಿ ಬರಬೇಕು?

ಡಿಸ್ನಿ ಕಂಪನಿ 2016ರಲ್ಲಿ ‘ದಿ ಜಂಗಲ್ ಬುಕ್’ ಸಿನಿಮಾವನ್ನು ಭಾರತಕ್ಕೆ ತಂದಾಗ ಅದರ ಹಿಂದಿ ಅವತರಣಿಕೆಗಾಗಿ ಎರಡು ಹಳೆಯ ಆಸ್ತಿಗಳನ್ನು ಹುಡುಕಿ ತೆಗೆಯಿತು. ಒಂದು, 1993ರ ಸುಮಾರಿಗೆ ದೂರದರ್ಶನದಲ್ಲಿ ಬರುತ್ತಿದ್ದ ಜಪಾನಿ ಮೋಗ್ಲಿ ಕಾರ್ಟೂನಿಗೆ ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ್ದ ಹಾಡು. ಇನ್ನೊಂದು, ಅದೇ ಕಾರ್ಟೂನಿನಲ್ಲಿ ಶೇರ್ ಖಾನನಾಗಿ ಗರ್ಜಿಸಿದ್ದ ನಾನಾ ಪಾಟೇಕರ್ ದನಿ. ಹೊಸ ಸಿನಿಮಾದ ಕಾಡು, ಹುಲಿ, ಕರಡಿಗಳೆಲ್ಲ ಕಂಪ್ಯೂಟರಿನಲ್ಲಿ ಹುಟ್ಟಿದವು. ಜಪಾನಿ ಚಿತ್ರಕಾರರ ಒಂದು ಗೆರೆಯೂ ಅಲ್ಲಿರಲಿಲ್ಲ. ಆದರೂ ಮೂವತ್ತು ದಾಟಿದ ಪ್ರೇಕ್ಷಕರಿಗೆ ತಮ್ಮ ಮೋಗ್ಲಿಯೇ ಬಂದ ಎನಿಸಲು ಆ ಹಾಡು, ಆ ದನಿ ಸಾಕಾದವು. ಬಾಲ್ಯದ ಕಾರ್ಟೂನುಗಳಿಗೆ ಮರುಹುಟ್ಟು ಕೊಡುವ ಈ ವ್ಯಾಪಾರದಲ್ಲಿ ಗಟ್ಟಿ ಬಂಡವಾಳ ಕಿವಿಯಲ್ಲಿದೆ, ಕಣ್ಣು ಆಮೇಲಿನದು. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತಿದೆ. ಕನ್ನಡಿಗರು ಯೋಚಿಸಬೇಕಾದ್ದು ಬೇರೆ: ನಮ್ಮ ಮಕ್ಕಳ ಕಿವಿಯಲ್ಲಿ ಯಾವ ಭಾಷೆ ಉಳಿದಿದೆ?

ಕಮಠಾಣದಲ್ಲೋ ಭಾಲ್ಕಿಯಲ್ಲೋ ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಮೋಗ್ಲಿ, ಡಕ್‌ಟೇಲ್ಸ್‌ನ ಬಾತುಕೋಳಿಗಳು ಎಲ್ಲ ಹಿಂದಿಯಲ್ಲೇ ಮಾತಾಡಿದವು. ಬೀದರ್ ಜಿಲ್ಲೆಯ ಮಟ್ಟಿಗೆ ಇದರಲ್ಲಿ ಅಚ್ಚರಿಯಿಲ್ಲ. ಇಲ್ಲಿನ ಸಂತೆಯಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಒಟ್ಟಿಗೇ ಓಡಾಡುತ್ತವೆ. ಔರಾದ್ ಕಡೆಗೆ ಹೋದರೆ ಮರಾಠಿಯದೇ ಮೇಲುಗೈ. ಹಿಂದಿ ಕಾರ್ಟೂನು ಇಲ್ಲಿನ ಮಕ್ಕಳಿಗೆ ಬೆಂಗಳೂರಿನ ಮಕ್ಕಳಿಗಿಂತ ಸಲೀಸಾಗಿ ಒಗ್ಗಿತು. ಆದರೆ ಟಿವಿ ಈ ನಾಡಿಗೆ ಮೊದಲು ಬಂದದ್ದು ಹಿಂದಿಯಲ್ಲಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಪಕ್ಕದ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಊರುಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆಂದೇ ಅಲ್ಲಿ ಕನ್ನಡದ ಕಾರ್ಯಕ್ರಮ ಬರುತ್ತಿತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಹಿಂದುಳಿದ ಪ್ರದೇಶವೆಂದು ಹಣೆಪಟ್ಟಿ ಹೊತ್ತ ಈ ಭಾಗದ ಹಳ್ಳಿ ಹುಡುಗರು ರಾಜಧಾನಿಯ ಹುಡುಗರಿಗಿಂತ ಮೊದಲೇ ಕನ್ನಡದ ಟಿವಿ ನೋಡಿದ್ದರು! ಆ ಎಳೆ ಮುಂದುವರಿಯಲಿಲ್ಲ. ಕಾರ್ಟೂನುಗಳ ಕಾಲ ಬರುವಷ್ಟರಲ್ಲಿ ಪರದೆಯ ಭಾಷೆ ಬದಲಾಗಿತ್ತು.

ಬದಲಾಗಲು ಕೇಂದ್ರದ ಪ್ರಸಾರವೊಂದೇ ಕಾರಣವಲ್ಲ, ನಮ್ಮದೂ ಪಾಲಿದೆ. ಡಬ್ಬಿಂಗ್ ಬೇಡವೆಂಬ ಅಲಿಖಿತ ಕಟ್ಟಳೆ ಕನ್ನಡ ಚಿತ್ರರಂಗದಲ್ಲಿ ಅರವತ್ತರ ದಶಕದಿಂದ ನಡೆದುಬಂತು. ಆಗ ಅದಕ್ಕೆ ನ್ಯಾಯವಾದ ಕಾರಣವಿತ್ತು: ಮದ್ರಾಸಿನ ಸ್ಟುಡಿಯೋಗಳ ನೆರಳಿನಲ್ಲಿ ಕನ್ನಡದ ಕಲಾವಿದರು, ತಂತ್ರಜ್ಞರು ಬದುಕಬೇಕಿತ್ತು. ಆದರೆ ಆ ಬೇಲಿ ಮಕ್ಕಳ ಚಿತ್ರಗಳಿಗೂ ಅಡ್ಡ ನಿಂತಿತು. ಬೇಲಿಯೊಳಗೆ ಕಾಯುವುದಕ್ಕೆ ಕನ್ನಡದ ಅನಿಮೇಷನ್ ಬೆಳೆಯೇ ಇರಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 2009ರಲ್ಲಿ ಮಕ್ಕಳ ವಾಹಿನಿ ಚಿಂಟು ಟಿವಿ ಬಂದು ಡೋರಾಳಂಥ ಕಾರ್ಟೂನು ಪಾತ್ರಗಳನ್ನು ಕನ್ನಡದಲ್ಲಿ ಮಾತಾಡಿಸಿತು, ಕನ್ನಡವೇನೂ ಕೆಡಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ಬಾಗಿಲು ತೆರೆಯಿತು, ರೂಢಿ ಅಷ್ಟು ಬೇಗ ಬದಲಾಗಲಿಲ್ಲ. ಯೂಗೋ ಸಾಕೋ ಮತ್ತು ರಾಮ್ ಮೋಹನ್ ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ ಜಪಾನ್-ಭಾರತದ ರಾಮಾಯಣ ಚಿತ್ರ 2025ರ ಜನವರಿಯಲ್ಲಿ ಹೊಸ ಹೊಳಪಿನೊಂದಿಗೆ ಚಿತ್ರಮಂದಿರಕ್ಕೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕುವೆಂಪು ರಾಮಾಯಣ ಬರೆದ ಭಾಷೆಯಲ್ಲಿ ಬರಲಿಲ್ಲ. ನಮ್ಮದೇ ಪುಣ್ಯಕೋಟಿಯ ಕಥೆ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರವಾಗಿ 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದದ್ದು ಸಂಸ್ಕೃತದಲ್ಲಿ. ಆ ಸಾಹಸ ಮೆಚ್ಚುವಂಥದ್ದೇ, ಆದರೂ ಹಸು ಹುಲಿಗೆ ಕೊಟ್ಟ ಮಾತನ್ನು ಕನ್ನಡದ ಕಿವಿಗಳು ಅಡಿಬರಹದಲ್ಲಿ ಓದುವಂತಾಯಿತು.

ಹಳೆಯ ಕಾರ್ಟೂನುಗಳು ಕನ್ನಡದಲ್ಲಿ ಮರಳಲಿ ಎಂದರೆ ಬರುವ ಆಕ್ಷೇಪಗಳಲ್ಲಿ ಮಾರುಕಟ್ಟೆಯದು ಬಲಹೀನ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯವರು 4.37 ಕೋಟಿ, ಅವರಿಗಿಂತ ಕಡಿಮೆಯಿರುವ ಮಲಯಾಳಿಗಳಿಗೆ ಕೊಚ್ಚು ಟಿವಿ ಎಂಬ ಮಕ್ಕಳ ವಾಹಿನಿ ನಡೆಯುತ್ತದೆ. ಅಪ್ಪ-ಅಮ್ಮನ ಹಂಬಲವನ್ನು ಮಕ್ಕಳ ಮೇಲೆ ಹೇರುವುದೇಕೆ ಎಂಬ ಮಾತಿಗೆ ತೂಕವಿದೆ. ಮರುಹುಟ್ಟಿನ ಹೆಚ್ಚಿನ ಸರಕು ದೊಡ್ಡವರ ಜೇಬಿಗೆ ಹಾಕಿದ ಗಾಳವೇ. ಹೀ-ಮ್ಯಾನ್ ಕಾರ್ಟೂನು 2021ರಲ್ಲಿ ಮರಳಿದಾಗ ಅದರ ಬದಲಾವಣೆಗಳ ಬಗ್ಗೆ ಜಗಳಕ್ಕಿಳಿದವರು ನಡುವಯಸ್ಕರು. ಆದರೆ ಕನ್ನಡದ ಮಗುವಿನ ಮಟ್ಟಿಗೆ ಕನ್ನಡದ ಮೋಗ್ಲಿ ಹಳೆಯದರ ಮರುಬಳಕೆ ಆಗಲಾರ, ಅವನು ಹೊಚ್ಚಹೊಸಬ.

ಉತ್ತರಿಸಲು ನಿಜಕ್ಕೂ ಕಷ್ಟವಾದ ಆಕ್ಷೇಪ ಬೀದರಿನ ಒಳಗಿನದು. ನಾಲ್ಕು ಭಾಷೆಯ ನೆಲದಲ್ಲಿ ಮಕ್ಕಳು ಕಾರ್ಟೂನಿನಿಂದ ಹಿಂದಿ ಕಲಿತರೆ ಲಾಭವಲ್ಲವೇ? ಲಾಭವೇ. ಯಾವ ಭಾಷೆಯನ್ನೂ ಹೊರಗೆ ಹಾಕಿ ಈ ಊರು ಬಾಳಿಲ್ಲ. ಆದರೆ ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಜಿಲ್ಲೆ ಇಂದಿಗೂ ನೆನೆಯುತ್ತದೆ. ಈಗ ಫಲಕ ಕನ್ನಡದ್ದು, ಮಗುವಿನ ಕೈಯಲ್ಲಿರುವ ಮೊಬೈಲಿನೊಳಗೆ ಕನ್ನಡವಿಲ್ಲ. ನಗು, ಹೆದರಿಕೆ, ಸಾಹಸಗಳೆಲ್ಲ ಒಂದು ಭಾಷೆಗೆ, ಪಾಠ ಮತ್ತು ಪರೀಕ್ಷೆ ಇನ್ನೊಂದಕ್ಕೆ ಎಂದು ಪಾಲಾದರೆ ಮಗು ಯಾವುದನ್ನು ಆಟದ ಭಾಷೆ ಮಾಡಿಕೊಳ್ಳುತ್ತದೆಂದು ಕೇಳಬೇಕಿಲ್ಲ.

ಇನ್ನೊಂದು ತೊಡಕಿದೆ. ಡಬ್ಬಿಂಗಿನ ಕನ್ನಡ ಬಹುಪಾಲು ಬೆಂಗಳೂರಿನ ಸ್ಟುಡಿಯೋ ಕನ್ನಡ. “ಏನ್ ಮಾಡ್ಲತ್ತಿ?” ಎಂದು ಗೆಳೆಯನನ್ನು ಕೂಗುವ ಮಗುವಿಗೆ ಅದೂ ಅರೆಪರಕೀಯವೇ. ಪುರಾಣದ ಪಾತ್ರಗಳಿಗೆ ಈ ತೊಂದರೆ ಅಷ್ಟಿಲ್ಲ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಆಡಿದ ಗ್ರಾಂಥಿಕ ಮಾತು ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲರದೂ ಆಯಿತು. ಅದೇ ಕಥೆಯ ಅನಿಮೇಷನ್ ಚಿತ್ರ ‘ಮಹಾವತಾರ್ ನರಸಿಂಹ’ 2025ರಲ್ಲಿ ಕನ್ನಡದಲ್ಲೂ ತೆರೆಕಂಡಿತು. ಕರಡಿ, ನರಿ, ತುಂಟ ಹುಡುಗರ ವಿಷಯ ಹಾಗಲ್ಲ. ಅವರ ಬಾಯಲ್ಲಿ ಮನೆಮಾತೇ ಬೇಕು. ಕಲಬುರಗಿ ಆಕಾಶವಾಣಿಯ ನಾಟಕಗಳಲ್ಲಿ ಪಳಗಿದ ದನಿಗಳು ಈ ಭಾಗದಲ್ಲೇ ಇವೆ. ಹಳೆಯ ಚಿತ್ರಕ್ಕೆ ಹೊಸ ದನಿ ಕೊಡಲು ಹಕ್ಕುಗಳ ಒಪ್ಪಂದ, ಒಂದು ಸ್ಟುಡಿಯೋ, ಕೆಲವು ಕಲಾವಿದರು ಸಾಕು. ಹೊಸ ಅನಿಮೇಷನ್‌ಗೆ ತಗಲುವ ಖರ್ಚಿನ ಮುಂದೆ ಇದು ಅಲ್ಪ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಶಾಲೆಗಳಿಗೆ ಹೇಗೂ ಹಣ ಕೊಡುತ್ತದೆ. ಅದರಲ್ಲಿ ಒಂದು ಚಿಕ್ಕ ಪಾಲನ್ನು ಇದಕ್ಕಿಟ್ಟು, ಮೊದಲ ಕಂತನ್ನು ಔರಾದಿನ ಗಡಿ ಶಾಲೆಗಳಲ್ಲೇ ತೋರಿಸಿ ನೋಡಬಹುದು.