ಗೇಣುದ್ದದ ಷೆವರ್ಲೆ

ಪೆಟ್ಟಿಗೆಯ ಮುಚ್ಚಳ ಎತ್ತಿದ ಕೂಡಲೇ ಒಂದು ವಾಸನೆ ಬಂತು ನೋಡಿ! ಹಳೇ ರಟ್ಟಿನದು ಸ್ವಲ್ಪ, ರಬ್ಬರಿನದು ಸ್ವಲ್ಪ, ಉಳಿದದ್ದೆಲ್ಲ ಹೊಸ ಬಾಚಣಿಗೆಯದು. ಸುಮಾರು ಅರವತ್ತು ವರ್ಷದ ಹಿಂದೆ ಅಮೆರಿಕದ ಯಾವುದೋ ಕಾರ್ಖಾನೆಯೊಳಗೆ ಸಿಕ್ಕಿಹಾಕಿಕೊಂಡಿದ್ದ ಗಾಳಿ ರಾಮಕೃಷ್ಣನಗರದ ನಮ್ಮನೆ ಊಟದ ಮೇಜಿನ ಮೇಲೆ ಬಿಡುಗಡೆಯಾಯಿತು. ಅಡುಗೆಮನೆಯ ಒಗ್ಗರಣೆ ಘಮವನ್ನೂ ಮೀರಿ ಮೂಗಿಗೆ ಬಡಿಯಿತು. ಬಗ್ಗಿ ನೋಡಿದರೆ ಒಳಗೆ 1957ರ ಷೆವರ್ಲೆ ಬೆಲ್ ಏರ್! ಕಾರು ಎಂದರೆ ಇನ್ನೂ ಕಾರಾಗದ ಕಾರು. ಬಿಳಿ ಪ್ಲಾಸ್ಟಿಕ್ ಕಡ್ಡಿಗಳಿಗೆ ಹುಣಸೆಕಾಯಿಯ ಹಾಗೆ ಜೋತುಬಿದ್ದ ಎಂಜಿನ್ನಿನ ಎರಡು ಹೋಳು, ಸೀಟು, ಸ್ಟೀರಿಂಗು, ಸೈಲೆನ್ಸರು, ಕೊತ್ತಂಬರಿ ಬೀಜದಷ್ಟು ಡಿಸ್ಟ್ರಿಬ್ಯೂಟರು. ಆರು ದಶಕದಿಂದ ಯಾರಾದರೂ ಬಂದು ಕೀಳಲಿ ಎಂದು ಕೊಂಬೆಯಲ್ಲೇ ಕಾದುಕೊಂಡಿದ್ದವು.

ಬ್ಯಾಂಕಿನಲ್ಲಿ 34 ವರ್ಷ ಕಳೆದವನು ನಾನು. ಚಿಕ್ಕದನ್ನು ದಿಟ್ಟಿಸುವುದೇ ಕಸುಬಾಗಿತ್ತು: ಸಹಿಯ ಬಾಲ, ನೋಟಿನೊಳಗಿನ ದಾರ. ನಿವೃತ್ತನಾದ ಮೇಲೆ ಬೆಳಿಗ್ಗೆ ಲಿಂಗಾಂಬುಧಿ ಕೆರೆಯ ಸುತ್ತ ನಡಿಗೆ, ಆಂದೋಲನ ವೃತ್ತದ ಕಡೆ ಒಂದು ಕಾಫಿ, ಮನೆಗೆ ಬಂದು ಪೇಪರು. ಆಮೇಲೆ ಹತ್ತೂವರೆಯಿಂದ ಊಟದವರೆಗೆ ಬಾಯಿ ತೆರೆದುಕೊಂಡು ಕೂತಿರುವ ಆ ಎರಡೂವರೆ ಗಂಟೆ! ಅದನ್ನು ಈ ಪೆಟ್ಟಿಗೆ ನುಂಗಿಬಿಟ್ಟಿತು. ಈಗ ಊಟಕ್ಕೆ ಮೂರು ಸಲ ಕರೆಯಬೇಕು.

ಸಿಕ್ಕಿದ್ದು ಮಗನ ಊರಿನಲ್ಲಿ. ಅವನಿರುವುದು ಮಿಷಿಗನ್ನಿನ ಟ್ರಾಯ್‌ನಲ್ಲಿ. ನಮ್ಮಂಥ ಅಪ್ಪ ಅಮ್ಮಂದಿರು ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಆರು ತಿಂಗಳು ಇದ್ದು ಬರುತ್ತೇವಲ್ಲ, ಹಾಗೆ ಹೋದಾಗ, ಒಂದು ಶನಿವಾರ, ಪಕ್ಕದ ಬೀದಿಯ ಮುದುಕರೊಬ್ಬರು ಬೇಡದ ಸಾಮಾನನ್ನೆಲ್ಲ ಶೆಡ್ಡಿನ ಮುಂದೆ ಹರಡಿ ಮಾರುತ್ತಿದ್ದರು. ಸೊಸೆ ಹೂದಾನಿ ನೋಡುತ್ತಿದ್ದಳು, ನನ್ನ ಕಣ್ಣು ಪೆಟ್ಟಿಗೆಯ ಮೇಲಿದ್ದ ಚಿತ್ರಕ್ಕೆ ಅಂಟಿಕೊಂಡಿತು. ಹಿಂಬದಿಗೆ ಮೀನಿನ ರೆಕ್ಕೆ ಮೂಡಿಸಿಕೊಂಡ ಆ ಕಾರು! ಅದೇ 1957ರಲ್ಲಿ ನಮ್ಮ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಮೊದಲ ಅಂಬಾಸಿಡರ್ ಇಳಿಸಿದ್ದು. ಒಂದೇ ವರ್ಷದ ಕೂಸುಗಳು. ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಹೊಟ್ಟೆ.

ನಿಜವಾದ ಸೋಜಿಗ ಮೈಸೂರಿಗೆ ಬಂದ ಮೇಲೆ. ಭೂತಗನ್ನಡಿ ಹಿಡಿದು ಪೆಟ್ಟಿಗೆಯ ಅಂಚು ಓದಿದೆ: ಎಎಂಟಿ ಕಾರ್ಪೊರೇಷನ್, ಟ್ರಾಯ್, ಮಿಷಿಗನ್. ಮೈ ಜುಮ್ಮೆಂದಿತು! ಆರು ತಿಂಗಳು ಆ ಊರಿನಲ್ಲಿ ಹಾಲು, ತರಕಾರಿ ಅಂತ ಓಡಾಡಿದ್ದೇನೆ. ಆ ಕಾರ್ಖಾನೆ ಅದೇ ಊರಿನದು ಅಂತ ಆಗ ಗೊತ್ತೇ ಇರಲಿಲ್ಲ. ಎಎಂಟಿ ಎಂದರೆ ಅಲ್ಯುಮಿನಮ್ ಮಾಡೆಲ್ ಟಾಯ್ಸ್. 1948ರಲ್ಲಿ ಹುಟ್ಟಿದಾಗ ಅಲ್ಯುಮಿನಮ್ಮಿನ ಕಾರು ಎರೆಯುತ್ತಿದ್ದರು, ಬೇಗನೆ ಪ್ಲಾಸ್ಟಿಕ್ಕಿಗೆ ಬಂದರು, ಹೆಸರು ಮಾತ್ರ ಹಾಗೇ ಉಳಿಯಿತು. ಮೊದಮೊದಲು ಇವು ಮಕ್ಕಳ ಅಂಗಡಿಯ ಮಾಲೇ ಅಲ್ಲ. ಹೊಸ ಕಾರು ಶೋರೂಮಿಗೆ ಬರುವ ಹೊತ್ತಿಗೆ ಅದರದೇ ಮರಿ, ಅದೇ ಬಣ್ಣದಲ್ಲಿ, ಮಾರಾಟಗಾರನ ಮೇಜಿನ ಮೇಲೆ ಇರಬೇಕಿತ್ತು. ಅಪ್ಪ ಕಾರಿನ ಬೆಲೆ ಚೌಕಾಸಿ ಮಾಡುತ್ತಿದ್ದರೆ ಮಗನ ಕೈಗೆ ಮರಿಕಾರು! ಅದಕ್ಕಾಗಿ ಡೆಟ್ರಾಯಿಟ್ಟಿನ ಕಂಪನಿಗಳು ತಮ್ಮ ನಕ್ಷೆಗಳನ್ನೇ ಕೊಡುತ್ತಿದ್ದವು. ಈ ವಂಶದ ಕುಡಿಗಳಲ್ಲಿ ದೊಡ್ಡ ಕಾರಿನ ಗೆರೆ ಅಷ್ಟು ಕರಾರುವಾಕ್ಕಾಗಿ ಇರುವುದರ ಗುಟ್ಟು ಇದು. 1958ರಲ್ಲಿ ಅವರು ಕಾರನ್ನು ಬಿಡಿ ಭಾಗ ಮಾಡಿ, ಒಂದೇ ಪೆಟ್ಟಿಗೆಯಲ್ಲಿ ಮೂರು ಬಗೆಯಾಗಿ ಕಟ್ಟಬಹುದಾದ ಕಿಟ್ ಹೊರತಂದರು: ಶೋರೂಮಿನಲ್ಲಿದ್ದ ಹಾಗೆ, ಶೋಕಿಗೆ, ಇಲ್ಲವೇ ರೇಸಿಗೆ. ಅಮೆರಿಕದ ಹುಡುಗರೆಲ್ಲ ಹುಚ್ಚೆದ್ದು ಕಟ್ಟಿದರು. ಕಟ್ಟಿ ಏನು ಮಾಡಿದರು? ಬಹಳ ಮಂದಿ ಪಟಾಕಿ ಇಟ್ಟು ಉಡಾಯಿಸಿದರು! ಕಟ್ಟದೆ ಉಳಿದ ಹಳೇ ಪೆಟ್ಟಿಗೆಗೆ ಈಗ ಇಷ್ಟು ಬೆಲೆ ಬಂದಿರುವುದಕ್ಕೆ ಅದೂ ಒಂದು ಕಾರಣ.

ಅಳತೆಗೆ ಬನ್ನಿ. ಇಪ್ಪತ್ತೈದಕ್ಕೆ ಒಂದು. ನಿಜವಾದ ಬೆಲ್ ಏರ್ 200 ಅಂಗುಲ ಉದ್ದ, ಇದು 8 ಅಂಗುಲ, ನನ್ನ ಒಂದು ಗೇಣು. ಸುಲಭ ಎಂದುಕೊಂಡೆ. ಬಣ್ಣ ಹಚ್ಚುವಾಗ ಈ ಲೆಕ್ಕ ನನ್ನ ತಲೆ ಕೆಡಿಸಿತು. ಬ್ರಷ್ಷಿನಿಂದ ಬಳಿದ ಬಣ್ಣ 0.1 ಮಿಲಿಮೀಟರ್ ದಪ್ಪ ಕೂತಿತು ಎನ್ನಿ. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಆದರೆ ಈ ಕಾರಿನ ಲೋಕದಲ್ಲಿ ಅದು 25 ಪಟ್ಟು, ಎಂದರೆ ಎರಡೂವರೆ ಮಿಲಿಮೀಟರ್! ದೊಡ್ಡ ಕಾರಿಗೆ ದೋಸೆ ಹಿಟ್ಟು ಮೆತ್ತಿದ ಹಾಗೆ. ಬಾಗಿಲಿನ ಸಂದೇ ಮುಚ್ಚಿಹೋಯಿತು. ಎಲ್ಲ ಕಿತ್ತು, ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿ, ಗಾಳಿಪಂಪಿನ ಪುಟಾಣಿ ಗನ್ನಿನಿಂದ ಇಬ್ಬನಿಯ ಹಾಗೆ ಸಿಂಪಡಿಸುವುದನ್ನು ಕಲಿತೆ. ಮಧ್ಯೆ ಮಧ್ಯೆ ಗ್ಯಾರೇಜಿನವರು ಬಳಸುವ ವಾಟರ್ ಪೇಪರಿನಲ್ಲಿ ನೀರು ಹಾಕಿ ತಿಕ್ಕುವುದು. ಥಿನ್ನರ್ ವಾಸನೆಗೆ ಕಿಟಕಿಗಳೆಲ್ಲ ತೆರೆದಿರಬೇಕು. "ರೀ, ಇದು ಮನೆಯೋ ಗ್ಯಾರೇಜೋ?" ಎಂದಳು ನಮ್ಮನೆಯವಳು. ಎರಡೂ ಎನ್ನುವ ಧೈರ್ಯ ಬರಲಿಲ್ಲ. ಅಂದಿನಿಂದ ಬಣ್ಣದ ಕೆಲಸ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ.

ಅಂಟಿನ ವಿಷಯ ಹೇಳದೆ ಇರಲಾರೆ, ಏಕೆಂದರೆ ಅದು ಅಂಟೇ ಅಲ್ಲ! ಗಣೇಶನ ಹಬ್ಬದಲ್ಲಿ ಮಂಟಪ ಕತ್ತರಿಸುವ ಥರ್ಮಾಕೋಲ್ ಇದೆಯಲ್ಲ, ಅದೂ ಈ ಕಾರೂ ಒಂದೇ ವಸ್ತು: ಪಾಲಿಸ್ಟೈರೀನ್. ಅದಕ್ಕೆ ಗಾಳಿ ತುಂಬಿ ಉಬ್ಬಿಸಿದ್ದಾರೆ, ಇದನ್ನು ಕಾಯಿಸಿ ಉಕ್ಕಿನ ಅಚ್ಚಿಗೆ ಒತ್ತಿದ್ದಾರೆ. ಥರ್ಮಾಕೋಲಿನ ಮೇಲೆ ಥಿನ್ನರ್ ಚೆಲ್ಲಿದರೆ ಸುಯ್ಯೆಂದು ಕರಗಿ ಗುಳಿ ಬೀಳುತ್ತದೆ. ಮಾಡೆಲ್ ಕಟ್ಟುವವರ ಅಂಟು ಮಾಡುವುದೂ ಅದನ್ನೇ, ಬಹಳ ನಯವಾಗಿ. ಎಂಜಿನ್ನಿನ ಎರಡು ಹೋಳನ್ನು ಒತ್ತಿ ಹಿಡಿದು, ನೀರಿನಂಥ ಆ ದ್ರವವನ್ನು ಕುಂಚದ ತುದಿಯಿಂದ ಸಂದಿಗೆ ಮುಟ್ಟಿಸಿದರೆ ಸಾಕು, ಅದು ತಾನೇ ಸಂದಿನುದ್ದಕ್ಕೂ ಓಡುತ್ತದೆ! ಎರಡೂ ಕಡೆಯ ಪ್ಲಾಸ್ಟಿಕ್ಕು ಮೆತ್ತಗಾಗಿ ಒಂದರ ಎಳೆ ಇನ್ನೊಂದರೊಳಗೆ ಹೆಣೆದುಕೊಳ್ಳುತ್ತದೆ, ದ್ರವ ಆರಿಹೋಗುತ್ತದೆ, ಉಳಿಯುವುದು ಒಂದೇ ತುಂಡು. ನಡುವೆ ಬೇರೆ ಯಾವ ಪದಾರ್ಥವೂ ಇಲ್ಲ. ಇದು ಬೆಸುಗೆ! ಬೆಂಕಿಯಿಲ್ಲದ ಬೆಸುಗೆ!

ಇನ್ನೊಂದು ಬೆರಗು ಮೇಣದಬತ್ತಿಯದು. ಭಾಗಗಳನ್ನೆಲ್ಲ ಕಿತ್ತ ಮೇಲೆ ಉಳಿಯುವ ಕಡ್ಡಿ ಕಸವಲ್ಲ. ಅದರ ನಡುಭಾಗವನ್ನು ಜ್ವಾಲೆಯ ಮೇಲೆ, ತಾಗಿಸದೆ, ಹೊರಳಿಸುತ್ತಾ ಕಾಯಿಸಬೇಕು. ಹೊಳಪು ಬಂದು ಬಾಗುವ ಕ್ಷಣಕ್ಕೆ ಹೊರಗೆ ತಂದು ಎರಡೂ ಕೈಯಲ್ಲಿ ಎಳೆದರೆ, ಅಬ್ಬಾ, ಕೂದಲೆಳೆ! ಮೊಳದುದ್ದ! ಬೆಲ್ಲದ ಪಾಕದ ಎಳೆ ನೋಡಿದವರಿಗೆ ಗೊತ್ತಾಗುತ್ತದೆ. ಗುಂಡಗಿನ ಕಡ್ಡಿ ಎಳೆದರೆ ಗುಂಡಗಿನ ಎಳೆ, ಚೌಕದ ಕಡ್ಡಿ ಎಳೆದರೆ ಚೌಕದ ಎಳೆ, ಟೊಳ್ಳು ಕೊಳವೆ ಎಳೆದರೆ ಕೂದಲಿನೊಳಗೂ ಟೊಳ್ಳು. ಹೀಗೆ ನನ್ನ ಕಾರಿನ ರೇಡಿಯೊ ಆಂಟೆನಾ ಹುಟ್ಟಿತು. ಹದ ಸಿಗುವ ಮೊದಲು ಎಂಟು ಸಲ ಸುಟ್ಟುಕೊಂಡದ್ದು ಬೇರೆ ಮಾತು.

ವಯಸ್ಸಾದ ಕಿಟ್‌ಗಳಿಗೆ ವಯಸ್ಸಾದವರ ಕಾಯಿಲೆಗಳೇ. ನನ್ನದರ ಷಾಸಿ ಸೊಟ್ಟಗಾಗಿತ್ತು. ಬಿಸಿನೀರಿನಲ್ಲಿ ನೆನೆಸಿ, ಮೆಲ್ಲಗೆ ತಿರುವಿ, ತಣ್ಣೀರಿಗೆ ಹಿಡಿದೆ, ನೆಟ್ಟಗಾಯಿತು. ನನ್ನ ಮಂಡಿಗೆ ಈ ಚಿಕಿತ್ಸೆ ನಡೆದಿಲ್ಲ. ನಂಬರ್ ಪ್ಲೇಟಿನ ಸ್ಟಿಕ್ಕರುಗಳು ಅರಿಶಿನದ ಬಣ್ಣಕ್ಕೆ ತಿರುಗಿದ್ದವು; ಪ್ಲಾಸ್ಟಿಕ್ ಕವರಿಗೆ ಹಾಕಿ ಕಿಟಕಿಯ ಗಾಜಿಗೆ ಅಂಟಿಸಿದೆ, ಮೈಸೂರಿನ ಬಿಸಿಲು ವಾರಗಟ್ಟಲೆ ಬಿದ್ದು ಬಿಳಿ ಮಾಡಿತು. ಬಂಪರಿನ ಬೆಳ್ಳಿಹೊಳಪು ಮಾತ್ರ ಹಾಗೇ ಇತ್ತು. ಬೆಳ್ಳಿ ಎಲ್ಲಿಂದ ಬರಬೇಕು, ಗಾಳಿ ಹೀರಿ ತೆಗೆದ ಕೋಣೆಯೊಳಗೆ ಅಲ್ಯುಮಿನಮ್ಮನ್ನು ಆವಿ ಮಾಡಿ, ಆ ಆವಿ ಪ್ಲಾಸ್ಟಿಕ್ಕಿನ ಮೇಲೆ ಕೂರುವಂತೆ ಮಾಡುತ್ತಾರಂತೆ. ಸಿಹಿಯ ಮೇಲಿನ ವರ್ಕು ಇದರ ಮುಂದೆ ಕಂಬಳಿ!

ಕಾರಿನ ಮೈ ಇಡಿಯಾಗಿ ಒಂದೇ ತುಂಡು. ಮಾವಿನಕಾಯಿಯ ಹಾಗೆ ಎಲ್ಲ ಕಡೆಯೂ ಬಾಗಿ ಒಳಸರಿದಿರುವ ಈ ಆಕಾರ ಅಚ್ಚಿನಿಂದ ಹೊರಬಂದದ್ದಾದರೂ ಹೇಗೆ? ಮೂರು ದಿನ ಯೋಚಿಸಿದೆ. ಉತ್ತರ ಮಡ್‌ಗಾರ್ಡಿನ ಮೇಲೇ ಬರೆದಿತ್ತು. ಬೆಳಕಿಗೆ ಓರೆಯಾಗಿ ಹಿಡಿದಾಗ ಕೂದಲಿನಷ್ಟು ತೆಳುವಾದ ಏಣು ಕಂಡಿತು, ಒಂದು ತುದಿಯಿಂದ ಇನ್ನೊಂದು ತುದಿಗೆ. ಅಚ್ಚಿನ ಎಡ, ಬಲ, ಹಿಂದು, ಮುಂದಿನ ಗೋಡೆಗಳು ಒಂದೊಂದೂ ತನ್ನ ದಿಕ್ಕಿಗೆ ಜಾರಿ ತೆರೆದುಕೊಳ್ಳುತ್ತವೆ. ಅವು ಕೂಡುವ ಕಡೆ ಈ ಗೆರೆ. ಆ ಉಕ್ಕನ್ನು ಕೊರೆದದ್ದು ಕಂಪ್ಯೂಟರ್ ಅಲ್ಲ. ಮೊದಲು ಮರದಲ್ಲಿ ದೊಡ್ಡದಾಗಿ ಕೆತ್ತಿಕೊಂಡು, ಪ್ಯಾಂಟೊಗ್ರಾಫ್ ಎಂಬ ಯಂತ್ರದ ಒಂದು ತೋಳು ಮರದ ಮೇಲೆ ಸವರುತ್ತಾ ಹೋದ ಹಾಗೆ ಇನ್ನೊಂದು ತೋಳು ಉಕ್ಕಿನಲ್ಲಿ ಚಿಕ್ಕದಾಗಿ ಕೊರೆಯುತ್ತಿತ್ತು. ಅಂದರೆ ಈ ಪ್ಲಾಸ್ಟಿಕ್ಕಿನ ಹಿಂದೆ ಒಬ್ಬ ಬಡಗಿ ಇದ್ದಾನೆ! ಚನ್ನಪಟ್ಟಣದಲ್ಲಿ ಉಳಿ ಹಿಡಿದು ಕೂತವರ ದೂರದ ದಾಯಾದಿ. ಜಪಾನಿನ ಪ್ರಸಿದ್ಧ ಟಾಮಿಯಾ ಕಂಪನಿಯೂ 1946ರಲ್ಲಿ ಶುರುವಾದದ್ದು ಮರ ಕೊಯ್ಯುವ ಮಿಲ್ಲಾಗಿ. ಹಾಗೆ ಗೊತ್ತಾದ ಮೇಲೆ ಆ ಏಣನ್ನು ಉಜ್ಜಿ ಅಳಿಸಲು ಎರಡು ದಿನ ಮನಸ್ಸೇ ಬರಲಿಲ್ಲ.

ಈ ಹುಚ್ಚು ಒಂದಕ್ಕೆ ನಿಲ್ಲುವುದಿಲ್ಲ. ಎರಡನೆಯದಾಗಿ ಬಂದದ್ದು ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿಯ ಟ್ರಯಂಫ್ ಹೆರಾಲ್ಡ್, 32ಕ್ಕೆ ಒಂದರ ಅಳತೆ, ನನ್ನ ಅಂಗೈಯಷ್ಟು. ನಮ್ಮ ಕಾಲದವರಿಗೆ ಇದು ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿತ್ತು. ನಮ್ಮ ಬೀದಿಯ ಡಾಕ್ಟರರ ಹತ್ತಿರ ಒಂದಿತ್ತು. ಅವರು ಮುಂದಿನ ಬಾನೆಟ್ಟನ್ನು ಮಡ್‌ಗಾರ್ಡು ಸಮೇತ ಮೊಸಳೆ ಬಾಯಿಯ ಹಾಗೆ ತೆರೆದಾಗ ಹುಡುಗರೆಲ್ಲ ಓಡಿಬರುತ್ತಿದ್ದೆವು. ಕಿಟ್ಟಿನಲ್ಲಿ ಎರಡೇ ಬಾಗಿಲು, ನನ್ನ ನೆನಪಿನಲ್ಲಿ ನಾಲ್ಕು. ನೆನಪು ಕೈಕೊಟ್ಟಿತೇ? ಇಲ್ಲ! ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ಭಾರತದಲ್ಲಿ ಮಾತ್ರ. ಇದಕ್ಕಿಂತ ದೊಡ್ಡ ವಿಷಯ ಕೇಳಿ. 1950ರ ದಶಕದಲ್ಲಿ ಬೇರೆ ಕಂಪನಿಗಳು ಕಾರಿನ ಮೈಯನ್ನೆಲ್ಲ ಒಟ್ಟಾಗಿ ಬೆಸೆಯುವ ವಿಧಾನಕ್ಕೆ ಹೊರಳಿದ್ದವು. ಸ್ಟ್ಯಾಂಡರ್ಡ್-ಟ್ರಯಂಫ್‌ನವರಿಗೆ ಮೈ ಮಾಡಿಕೊಡುತ್ತಿದ್ದ ಕಾರ್ಖಾನೆ ಪ್ರತಿಸ್ಪರ್ಧಿಯ ಪಾಲಾಯಿತು. ಏನು ಮಾಡುವುದು? ಪ್ರತ್ಯೇಕ ಷಾಸಿಯ ಮೇಲೆ ಮೈಯ ದೊಡ್ಡ ದೊಡ್ಡ ಭಾಗಗಳನ್ನು ಬೋಲ್ಟು ಹಾಕಿ ಜೋಡಿಸುವಂತೆ ಹೆರಾಲ್ಡ್ ರೂಪಿಸಿದರು, 1959ರಲ್ಲಿ ಬಿಟ್ಟರು. ಬಿಡಿಭಾಗ ಪೆಟ್ಟಿಗೆಗೆ ತುಂಬಿ ದೂರದೂರದ ದೇಶಗಳಿಗೆ ಕಳಿಸಿ ಅಲ್ಲೇ ಜೋಡಿಸಲು ಇದು ಹೇಳಿಮಾಡಿಸಿದ ಹಾಗಾಯಿತು. ಅಂದರೆ ಡಾಕ್ಟರರ ಆ ಕಾರಿನ ವಂಶವೇ ಕಿಟ್ಟಿನ ವಂಶ! ನಾನು ಚಿಮಟದಲ್ಲಿ ಮಾಡುತ್ತಿರುವುದನ್ನೇ ಅವರು ಸ್ಪ್ಯಾನರಿನಲ್ಲಿ ಮಾಡಿದ್ದರು.

ತಡೆಯಲಾರದೆ ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಕಾರು ಮ್ಯೂಸಿಯಮ್ಮಿಗೆ ಓಡಿದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಕಾರುಗಳು 2023ರಿಂದ ಅಲ್ಲಿ ಸಾಲಾಗಿ ನಿಂತಿವೆ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ನಾನು ಮಂಡಿಯೂರಿ ಕಾರಿನ ಅಡಿ ಇಣುಕುತ್ತಿದ್ದೆ. ಸೈಲೆನ್ಸರ್ ಕೊಳವೆ ತುಕ್ಕಿನ ಯಾವ ಬಣ್ಣದಲ್ಲಿರುತ್ತದೆ, ಟೈರಿನ ಕಪ್ಪು ನಿಜಕ್ಕೂ ಕಪ್ಪೇ? ಅಲ್ಲ, ಅದು ಬೂದು! ಏನು ಕಳೆದುಕೊಂಡಿರಿ ಎಂದು ಒಬ್ಬರು ಪಾಪ ಕೇಳಿದರು.

ಕೊನೆಗೆ ಎಂಜಿನ್. ಎಂಟು ಸಿಲಿಂಡರು, ಎಂಟು ಪ್ಲಗ್ಗು, ಎಂಟು ವೈರು. ಕಿಟ್ಟಿನಲ್ಲಿ ವೈರು ಕೊಟ್ಟಿರುವುದಿಲ್ಲ, ಹಟವಿದ್ದವರು ಹಾಕಿಕೊಳ್ಳಬೇಕು. ನಿಜವಾದ ಪ್ಲಗ್ ವೈರು 7 ಮಿಲಿಮೀಟರ್ ದಪ್ಪ. 25ರಿಂದ ಭಾಗಿಸಿದರೆ 0.28. ಕೆಟ್ಟ ಇಯರ್‌ಫೋನಿನ ವೈರು ಸೀಳಿದರೆ ಒಳಗೆ ಅಷ್ಟೇ ದಪ್ಪದ ತಂತಿ! ಯಾವ ವೈರು ಎಲ್ಲಿಗೆ ಎಂಬುದಕ್ಕೆ ಕ್ರಮವಿದೆ. ಆ ಷೆವರ್ಲೆ ಎಂಜಿನ್ ಕಿಡಿ ಹೊತ್ತಿಸುವುದು 1-8-4-3-6-5-7-2 ಎಂಬ ವರಸೆಯಲ್ಲಿ. ಚೀಟಿಯಲ್ಲಿ ಬರೆದು ಮೇಜಿಗೆ ಅಂಟಿಸಿ, ಸಹಸ್ರನಾಮದ ಹಾಗೆ ಬಾಯಿಪಾಠ ಮಾಡಿದೆ. ಒಂದು ವೈರಿಗೆ ಒಂದು ಬೆಳಿಗ್ಗೆ. ಎಂಟು ದಿನ ಉಸಿರು ಬಿಗಿಹಿಡಿದೆ.

ದಸರೆಗೆ ಗೊಂಬೆ ಕೂರಿಸುವಾಗ ಕಾರಿಗೂ ಜಾಗ ಕೇಳಿದೆ. ಪಟ್ಟದ ಗೊಂಬೆಯ ಹತ್ತಿರಕ್ಕೂ ಬರಕೂಡದು ಎಂದು ತೀರ್ಪಾಯಿತು. ಕೆಳಗೆ ರಾಗಿ ಪೈರು ಬೆಳೆಸಿದ್ದ ಪಾರ್ಕಿನ ಪಕ್ಕ, ಶೆಟ್ಟರ ಅಂಗಡಿಯ ಮುಂದೆ ಷೆವರ್ಲೆ ನಿಂತಿತು. ಅಳತೆ ನೋಡಿದರೆ ಶೆಟ್ಟರು ಆ ಕಾರಿನೊಳಗೆ ಕೂರಲಾರರು, ಬೇಕಿದ್ದರೆ ಅದನ್ನು ತೂಕಕ್ಕೆ ಮಾರಿಯಾರು.

ಕೆರೆ ನಡಿಗೆಯ ಗೆಳೆಯರೊಬ್ಬರು ಗೊಂಬೆ ನೋಡಲು ಬಂದರು. ಯಾದವಗಿರಿಯ ಐಡಿಯಲ್ ಜಾವಾದಲ್ಲಿ, 1996ರಲ್ಲಿ ಗೇಟು ಮುಚ್ಚುವವರೆಗೆ, ಎಂಜಿನ್ ಜೋಡಿಸಿದವರು. ಚರಪು ಬದಿಗಿಟ್ಟು, ಕಾರಿನ ಬಾನೆಟ್ ತೆಗೆದು, ಮೊಬೈಲಿನ ಟಾರ್ಚು ಬಿಟ್ಟು ನೋಡಿದರು. ನನ್ನ ಚೀಟಿ ತರಿಸಿಕೊಂಡರು. ಕಡ್ಡಿಯ ತುದಿಯಿಂದ ಒಂದೊಂದೇ ವೈರನ್ನು ಹಿಂಬಾಲಿಸಿದರು. ಐದು ನಿಮಿಷ ಮಾತಿಲ್ಲ.

"ಸ್ವಾಮಿ, ಎರಡು ಸಿಲಿಂಡರಿಗಿಂತ ಹೆಚ್ಚಿನ ಎಂಜಿನ್ ನಾನು ಮುಟ್ಟಿದೋನಲ್ಲ," ಎಂದರು. "ಆದ್ರೂ ನೋಡಿ, ನಿಮ್ದು ಐದು, ಏಳು ಅದಲುಬದಲಾಗಿದೆ. ಸ್ಟಾರ್ಟ್ ಮಾಡಿದ್ರೆ ಗಾಡಿ ಕೆಮ್ಮುತ್ತೆ."

ಆರತಿಗೆ ಇನ್ನೂ ಅರ್ಧ ಗಂಟೆಯಿತ್ತು. ಚಿಮಟ ಎಲ್ಲಿಟ್ಟಿದ್ದೇನೆ ಎಂದು ಹುಡುಕಲು ಎದ್ದೆ. ಅವರು ಆಗಲೇ ಕನ್ನಡಕ ಒರೆಸಿಕೊಳ್ಳುತ್ತಿದ್ದರು.