ಬಡಾವಣೆಗಳ ಪುನಶ್ಚೇತನ: ಸಂಸ್ಕೃತಿ, ಸಂಘಟನೆ ಮತ್ತು ಕೈಗೆಟುಕುವ ವಸತಿ

ಯೋಜಿತ ಬಡಾವಣೆಗಳ ನಿರ್ಮಾಣದಲ್ಲಿ ಮೈಸೂರು ನಗರಕ್ಕೆ ಶತಮಾನಕ್ಕೂ ಮೀರಿದ ಅನುಭವವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪ್ಲೇಗ್ ಮಾರಿಯಿಂದ ನಗರ ತತ್ತರಿಸಿದ ಬಳಿಕ, 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಸಿ.ಐ.ಟಿ.ಬಿ. ಎಂದೇ ಹೆಸರಾದ ಈ ಮಂಡಳಿಯ ಹೊಣೆಗಾರಿಕೆಯು 1988ರಲ್ಲಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ವರ್ಗವಾಯಿತು. ಮಂಡಳಿಯ ಕಾಲದಲ್ಲಿ ರೂಪುಗೊಂಡ ದೊಡ್ಡ ಬಡಾವಣೆಗಳಲ್ಲಿ ಕುವೆಂಪುನಗರವೂ ಒಂದು.

ಅಂದು ಸಾಧಾರಣ ಸಂಬಳದ ನೌಕರರು ಕಂತು ಕಟ್ಟಿ ಪಡೆದ ನಿವೇಶನಗಳ ಬೆಲೆ ಇಂದು ಅದೇ ವರ್ಗದ ನೌಕರರ ಅಳವಿಗೆ ಮೀರಿದೆ. ಅನೇಕ ಮನೆಗಳಲ್ಲಿ ವೃದ್ಧ ದಂಪತಿಗಳಷ್ಟೇ ಉಳಿದಿದ್ದಾರೆ. ಅವರಿಗೆ ನೆರವಾಗುವ ಮನೆಗೆಲಸದವರು, ಅಂಗಡಿ ಸಹಾಯಕರು, ಕುಶಲಕರ್ಮಿಗಳು ದೂರದಿಂದ ಬಂದು ಹೋಗಬೇಕಾಗಿದೆ. ವಾಣಿಜ್ಯ ವಲಯದ ನಮಗೂ ಇದು ನೇರವಾಗಿ ಸಂಬಂಧಿಸಿದ ವಿಷಯ. ನೌಕರನಿಗೆ ಸಮೀಪದಲ್ಲಿ ಮನೆ ದೊರೆಯದಿದ್ದರೆ ಅದರ ವೆಚ್ಚವು ಪ್ರಯಾಣ, ಗೈರುಹಾಜರಿ ಮತ್ತು ಕೆಲಸ ಬಿಡುವಿಕೆಯ ರೂಪದಲ್ಲಿ ಮಾಲೀಕನ ಲೆಕ್ಕಕ್ಕೇ ಬಂದು ಸೇರುತ್ತದೆ.

ಸಂಸ್ಕೃತಿಯ ಪಾತ್ರ

ನಿವೇಶನ ಹಂಚಿದ ಮಾತ್ರಕ್ಕೆ ನೆರೆಹೊರೆ ಏರ್ಪಡುವುದಿಲ್ಲ. ಜನರು ಒಂದೆಡೆ ಸೇರಲು ಕಾರಣವೊಂದು ಬೇಕು. ಕುವೆಂಪುನಗರದಲ್ಲಿರುವ ಗಾನಭಾರತಿ ಸಂಸ್ಥೆಯ ವೀಣೆ ಶೇಷಣ್ಣ ಭವನ ಇದಕ್ಕೆ ಉತ್ತಮ ನಿದರ್ಶನ. ಮೈಸೂರು ಆಸ್ಥಾನದ ವೈಣಿಕ ವೀಣೆ ಶೇಷಣ್ಣನವರ (1852–1926) ಹೆಸರಿನ ಈ ಭವನದಿಂದಾಗಿ, ಹಿಂದೆ ಅರಮನೆಯ ಆಶ್ರಯದಲ್ಲಿದ್ದ ಕಲೆ ಇಂದು ಬಡಾವಣೆಯ ರಸಿಕರ ಆಶ್ರಯದಲ್ಲಿ ಮುಂದುವರಿದಿದೆ. ಕಛೇರಿಗೆಂದು ಬಂದವರು ಪರಸ್ಪರ ಪರಿಚಿತರಾಗುತ್ತಾರೆ. ಆ ಪರಿಚಯವೇ ಮುಂದೆ ಉದ್ಯಾನದ ರಕ್ಷಣೆಗೋ ನೀರಿನ ಸಮಸ್ಯೆಗೋ ಒಗ್ಗೂಡುವ ಬಲವಾಗುತ್ತದೆ.

ನಾಯಕತ್ವ ಮತ್ತು ಲೆಕ್ಕಪತ್ರ

ಉತ್ಸಾಹಿ ವ್ಯಕ್ತಿಯೊಬ್ಬರಿಂದ ಕಾರ್ಯ ಆರಂಭವಾಗಬಹುದು. ಆದರೆ ಅದು ಮುಂದುವರಿಯಲು ಕಾನೂನುಬದ್ಧ ಸಂಸ್ಥೆ ಅವಶ್ಯಕ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅನ್ವಯ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಷೇರು ಬಂಡವಾಳ ಕೂಡಿಸಿ ಸದಸ್ಯರಿಗೆ ಆರ್ಥಿಕ ಸೌಲಭ್ಯ ಒದಗಿಸುವುದು ಉದ್ದೇಶವಾಗಿದ್ದಲ್ಲಿ, 1959ರ ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮದ ಮಾರ್ಗ ಸೂಕ್ತ.

ಯಾವ ಮಾರ್ಗವಾದರೂ ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಒಂದು, ಸ್ವೀಕರಿಸಿದ ಪ್ರತಿ ರೂಪಾಯಿಗೂ ರಶೀದಿ ಮತ್ತು ಪ್ರತಿ ವರ್ಷ ಲೆಕ್ಕಪರಿಶೋಧನೆ. ಎರಡು, ಕಟ್ಟಡದ ದುರಸ್ತಿಗೆ ಪ್ರತ್ಯೇಕ ನಿಧಿ. ಮೂರು, ಅವಧಿ ಮುಗಿದೊಡನೆ ಚುನಾವಣೆ ಹಾಗೂ ದಾಖಲೆಗಳ ಹಸ್ತಾಂತರ. ಸ್ಥಾಪಕರ ನಂತರ ಸಂಘಗಳು ನಿಂತುಹೋಗುವುದು ಬಹುಪಾಲು ಈ ಮೂರನೆಯ ನಿಯಮದ ಉಪೇಕ್ಷೆಯಿಂದ.

ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಒಕ್ಕೂಟದ ಮುಂದಾಳತ್ವದಲ್ಲಿ ರೂಪುಗೊಂಡ ಶೂನ್ಯತ್ಯಾಜ್ಯ ಘಟಕವು, ಒಣಕಸ ಹಾಗೂ ಗೊಬ್ಬರದ ಮಾರಾಟದಿಂದ ಆದಾಯ ಗಳಿಸಬಹುದೆಂದು ತೋರಿಸಿಕೊಟ್ಟಿತು. ನಿವಾಸಿಗಳು ಅರ್ಜಿದಾರರಾಗಿ ಉಳಿಯದೆ ವ್ಯವಸ್ಥಾಪಕರೂ ಆಗಬಲ್ಲರೆಂಬುದಕ್ಕೆ ಇದು ಸಾಕ್ಷಿ.

ವಸತಿ: ಪ್ರಶ್ನೆಯ ತಿರುಳು

ಬಡಾವಣೆ ಚೇತರಿಸಿಕೊಂಡಂತೆ ಭೂಮಿಯ ಬೆಲೆ ಏರುತ್ತದೆ. ಬೆಲೆ ಏರಿದಂತೆ ಅಲ್ಪ ಆದಾಯದವರು ಹೊರಬೀಳುತ್ತಾರೆ. ಆದ್ದರಿಂದ ವಸತಿಯ ಏರ್ಪಾಡಿಲ್ಲದ ಪುನಶ್ಚೇತನವು ಅಪೂರ್ಣ.

ಒಂದು ಲೆಕ್ಕವನ್ನು ಪರಿಶೀಲಿಸೋಣ. ಅಂಗಡಿಯ ನೌಕರನೊಬ್ಬನ ಮಾಸಿಕ ವೇತನ 18,000 ರೂ. ಎಂದು ಭಾವಿಸಿದರೆ, ಅದರ ಮೂರನೆಯ ಒಂದು ಭಾಗವಾದ 6,000 ರೂ.ಗಳನ್ನು ಆತ ವಸತಿಗೆ ವಿನಿಯೋಗಿಸಬಲ್ಲ. ಶೇ. 8.5ರ ಬಡ್ಡಿಯಲ್ಲಿ, 20 ವರ್ಷಗಳ ಅವಧಿಗೆ, ಈ ಕಂತಿನಿಂದ ತೀರಿಸಬಹುದಾದ ಸಾಲ ಸುಮಾರು 6.9 ಲಕ್ಷ ರೂ. ಮಾತ್ರ. ಈ ಮೊತ್ತಕ್ಕೆ ಕುವೆಂಪುನಗರದಲ್ಲಿ ಸಣ್ಣ ನಿವೇಶನವೂ ದೊರೆಯದು. ಆದರೆ ಭೂಮಿಯ ಬೆಲೆಯನ್ನು ಲೆಕ್ಕದಿಂದ ಹೊರಗಿಟ್ಟರೆ, ಸಣ್ಣ ಮನೆಯೊಂದರ ಕಟ್ಟಡ ವೆಚ್ಚದ ಬಹುಪಾಲನ್ನು ಈ ಹಣ ಭರಿಸೀತು. ಸಮಸ್ಯೆಯ ಮೂಲ ಭೂಮಿಯಲ್ಲಿದೆ ಎಂಬುದು ಇದರಿಂದ ಸ್ಪಷ್ಟ.

ಭಾರತದ ಮೊದಲ ಗೃಹನಿರ್ಮಾಣ ಸಹಕಾರ ಸಂಘವು 1909ರಲ್ಲಿ ಬೆಂಗಳೂರಿನಲ್ಲೇ ಸ್ಥಾಪನೆಯಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ನಮ್ಮಲ್ಲಿನ ಬಹುತೇಕ ಸಂಘಗಳು ಭೂಮಿಯನ್ನು ನಿವೇಶನಗಳಾಗಿ ವಿಂಗಡಿಸಿ ಸದಸ್ಯರಿಗೆ ಕ್ರಯ ಮಾಡಿಕೊಟ್ಟವು. ಕ್ರಯಪತ್ರ ಕೈಸೇರಿದ ಮೇಲೆ ಆ ನಿವೇಶನ ಮಾರುಕಟ್ಟೆಯ ಸರಕಾಯಿತು. ಇದಕ್ಕೆ ಬದಲಾಗಿ ಭೂಮಿಯ ಒಡೆತನವನ್ನು ಸಂಘವೇ ಇರಿಸಿಕೊಂಡು, ಸದಸ್ಯನಿಗೆ ವಾಸದ ಹಕ್ಕನ್ನಷ್ಟೇ ನೀಡುವ ಪದ್ಧತಿಯೂ ಇದೆ. ಮನೆ ಬಿಡುವ ಸದಸ್ಯನಿಗೆ ಆತನ ಷೇರು ಹಣ ಮರಳುತ್ತದೆ. ಏರಿದ ಬೆಲೆಯ ಲಾಭ ಸಂಘದಲ್ಲೇ ಉಳಿದು ಮುಂದಿನ ಸದಸ್ಯನಿಗೂ ಮನೆ ಅಗ್ಗವಾಗಿ ದೊರೆಯುತ್ತದೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಸಹಕಾರ ಸಂಘಗಳೂ ಸೇರಿದಂತೆ ಲಾಭೋದ್ದೇಶವಿಲ್ಲದ ಸಂಸ್ಥೆಗಳ ಕೈಯಲ್ಲಿ ಒಟ್ಟು ಮನೆಗಳ ಸುಮಾರು ಕಾಲು ಭಾಗವಿದೆ.

ನಮ್ಮ ಗಡಿಯಾಚೆಗಿನ ಸೊಲ್ಲಾಪುರದ ಉದಾಹರಣೆಯೂ ಮನನೀಯ. ಕನ್ನಡಿಗರೂ ಬಹುಸಂಖ್ಯೆಯಲ್ಲಿರುವ ಆ ಜಿಲ್ಲೆಯ ಕುಂಭಾರಿಯಲ್ಲಿ, ಕಾರ್ಮಿಕ ನಾಯಕ ನರಸಯ್ಯ ಆಡಂ ಅವರ ನೇತೃತ್ವದಲ್ಲಿ ಬೀಡಿ ಕಟ್ಟುವ ಮಹಿಳೆಯರು ಸಹಕಾರ ಸಂಘವಾಗಿ ಸಂಘಟಿತರಾಗಿ 10,000 ಮನೆಗಳನ್ನು ಪಡೆದರು. ಕೇಂದ್ರ, ರಾಜ್ಯ ಮತ್ತು ಫಲಾನುಭವಿಗಳ ಪಾಲು ಕೂಡಿಸಿ ನಿರ್ಮಿಸಿದ ಈ ಮನೆಗಳು 2006ರಲ್ಲಿ ಹಸ್ತಾಂತರಗೊಂಡವು. ಅದೇ ಮಾದರಿಯನ್ನು ಅನುಸರಿಸಿದ ರಾಯ್‌ನಗರ ಯೋಜನೆಯ ಮೊದಲ 15,000 ಮನೆಗಳು 2024ರ ಜನವರಿಯಲ್ಲಿ ಅಸಂಘಟಿತ ಕಾರ್ಮಿಕರ ಕೈಸೇರಿದವು. ಒಬ್ಬೊಬ್ಬರಾಗಿ ಕೇಳಿದ್ದರೆ ದೊರೆಯದ ಸೌಲಭ್ಯವು ಸಂಘಟನೆಯಿಂದ ದೊರೆಯಿತು.

ನಮ್ಮ ಕರ್ತವ್ಯ

ಈ ದಿಸೆಯಲ್ಲಿ ವಾಣಿಜ್ಯೋದ್ಯಮಿಗಳು ಮಾಡಬಹುದಾದ ಕೆಲಸ ಕಡಿಮೆಯೇನಲ್ಲ. ನೌಕರರ ಸಹಕಾರ ಸಂಘಕ್ಕೆ ಆರಂಭಿಕ ಷೇರು ಹಣವನ್ನು ಮುಂಗಡವಾಗಿ ನೀಡಬಹುದು. ಲೆಕ್ಕಪತ್ರ ಪರಿಣತಿಯನ್ನು ಒದಗಿಸಬಹುದು. ಹೊಸ ಬಡಾವಣೆಗಳಲ್ಲಿ ಇಂತಹ ಸಂಘಗಳಿಗೆ ದೀರ್ಘಾವಧಿ ಗುತ್ತಿಗೆಯ ಮೇಲೆ ಭೂಮಿ ಮೀಸಲಿಡುವಂತೆ ಸರ್ಕಾರವನ್ನು ಒತ್ತಾಯಿಸಬಹುದು.

ಕುವೆಂಪುನಗರದ ರಸ್ತೆಯೊಂದಕ್ಕೆ ಅನಿಕೇತನವೆಂಬ ಹೆಸರಿದೆ. ಮನೆಯ ಕಟ್ಟನ್ನೂ ಮೀರಿ ಬೆಳೆಯುವ ಚೇತನವನ್ನು ರಾಷ್ಟ್ರಕವಿಗಳು ಆ ಪದದಲ್ಲಿ ಕಂಡರು. ಅವರ ಹೆಸರನ್ನು ಹೊತ್ತ ಬಡಾವಣೆಯಲ್ಲಿ ದುಡಿಯುವವನೊಬ್ಬ ಅಕ್ಷರಶಃ ಅನಿಕೇತನನಾಗಿ ಉಳಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮೆಲ್ಲರದು.