ಅಡಿಕೆ ತೋಟದ ಆರೋಗ್ಯ ಮತ್ತು ವರ್ತಕರ ಬಾಕಿ ಪಟ್ಟಿ

ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ವ್ಯಾಪಾರದ ವರ್ಷ ಆರಂಭವಾಗುವುದು ಏಪ್ರಿಲ್ ಒಂದರಂದಲ್ಲ, ಅಡಿಕೆ ಕೊಯ್ಲಿನಂದು. ಬಟ್ಟೆ ಅಂಗಡಿಯಿಂದ ಪಂಪ್‌ಸೆಟ್ ದುರಸ್ತಿ ಘಟಕದವರೆಗೆ ಬಹುತೇಕರ ಬಾಕಿ ವಸೂಲಾಗುವುದು ಅಡಿಕೆ ಮಾರಾಟದ ನಂತರವೇ. ಹೀಗಿರುವಾಗ ತೋಟಗಾರಿಕೆ ಇಲಾಖೆ ಮತ್ತು ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರಗಳು ಬೆಳೆಗಾರರಿಗೆ ನೀಡುವ ಸಲಹೆಗಳನ್ನು “ಅದು ರೈತರ ವಿಷಯ” ಎಂದು ವರ್ತಕರು ಪಕ್ಕಕ್ಕಿಡುವುದು ಸರಿಯಲ್ಲ.

ಮೊದಲು ಕೊಳೆರೋಗ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಕುರಿತು ಪ್ರಬಂಧ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೂ ಶೇಕಡಾ 1ರ ಬೋರ್ಡೋ ದ್ರಾವಣವೇ ಮುಖ್ಯ ಪರಿಹಾರ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಪ್ರತ್ಯೇಕವಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕು. ಅಂದಿನ ದ್ರಾವಣವನ್ನು ಅಂದೇ ಬಳಸಬೇಕು. ಮೊದಲ ಸಿಂಪಡಣೆ ಮುಂಗಾರಿಗೆ ಮುನ್ನ. ಎರಡನೆಯದು 40-45 ದಿನಗಳ ಬಳಿಕ. ಮಳೆ ಮುಂದುವರಿದರೆ ಮತ್ತೊಂದು. ಗಾಳಿಗೆ ತೆರೆದಿಟ್ಟು ಹಳತಾದ ಸುಣ್ಣದಿಂದ ದ್ರಾವಣ ಕೆಡುತ್ತದೆ. ದಾಸ್ತಾನು ಮುಗಿಯಲೆಂದು ಅಂತಹ ಸುಣ್ಣ ಮಾರುವ ಅಂಗಡಿಯವರು ತಮ್ಮ ಸಾಲಗಾರನ ಬೆಳೆಯನ್ನೇ ಕೊಳೆಸುತ್ತಾರೆ.

ಹಳದಿ ಎಲೆ ರೋಗದ ವಿಚಾರ ಬೇರೆ, ಹೆಚ್ಚು ಗಂಭೀರವಾದುದೂ ಹೌದು. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದರ ಕಾರಣ. ಜಿಗಿಹುಳುವೊಂದು ಇದನ್ನು ಹರಡುತ್ತದೆ. ಗರಿಯ ತುದಿ ಹಳದಿಯಾಗುವುದರೊಂದಿಗೆ ಆರಂಭವಾಗಿ, ಕಾಯಿ ಉದುರಿ, ಉಳಿದ ಅಡಿಕೆಯ ತಿರುಳು ಕಪ್ಪಾಗಿ ಮೆತ್ತಗಾಗುತ್ತದೆ. ಗುಣಪಡಿಸುವ ಔಷಧ ಇದುವರೆಗೂ ಇಲ್ಲ. ಹಾಗಿದ್ದೂ “ಮೂರೇ ತಿಂಗಳಲ್ಲಿ ಹಸಿರು” ಎಂಬ ಭರವಸೆಯ ಬಾಟಲಿಗಳನ್ನು ಸಾಲಕ್ಕೆ ಮಾರುವುದು ವ್ಯಾಪಾರವೆನಿಸದು.

ವಿಜ್ಞಾನಿಗಳ ಸಲಹೆ ನಿರ್ವಹಣೆಗೆ ಸೀಮಿತ: ಬಸಿಗಾಲುವೆ, ಸೊಪ್ಪು-ಗೊಬ್ಬರ, ಕಾಳುಮೆಣಸು, ಕಾಫಿ, ಬಾಳೆಯಂತಹ ಮಿಶ್ರಬೆಳೆ, ಸಮತೋಲಿತ ಪೋಷಣೆ. ಅಡಿಕೆ ಮರಕ್ಕೆ ಸಾಮಾನ್ಯ ಶಿಫಾರಸು ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಎಕರೆಗೆ 550 ಮರಗಳೆಂದು ಹಿಡಿದರೆ ಸುಮಾರು 120 ಕಿಲೋ ಯೂರಿಯಾ, 110 ಕಿಲೋ ಶಿಲಾರಂಜಕ, 130 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್. ಖಾತೆಯಲ್ಲಿ ಯೂರಿಯಾ ಮಾತ್ರ ಕಾಣುತ್ತಿದ್ದರೆ ಆ ತೋಟದಲ್ಲಿ ಪೊಟ್ಯಾಷ್ ಬೀಳುತ್ತಿಲ್ಲವೆಂದು ಗೊಬ್ಬರದ ವರ್ತಕರಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಒಂದು ಮಾತು ಹೇಳಬಹುದಲ್ಲವೆ?

ಚೇಣಿ ಹಿಡಿಯುವವರು ಹಿಂದಿನ ವರ್ಷದ ತೂಕವನ್ನು ನೋಡಿ ಮುಂಗಡ ಕೊಡುವುದು ರೂಢಿ. ಹಳದಿ ರೋಗ ತಗುಲಿದ ತೋಟಕ್ಕೆ ಈ ಲೆಕ್ಕ ಸಲ್ಲದು; ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುವಂತಹುದು. ತೋಟವನ್ನು ಸ್ವತಃ ನೋಡಿ, ಹಳದಿಯಾದ ಮರಗಳನ್ನು ಎಣಿಸಿ ದರ ಕುದುರಿಸುವುದು ಇಬ್ಬರಿಗೂ ಕ್ಷೇಮ. ಮಿಶ್ರಬೆಳೆಗೆ ಹೊರಳಿದ ಬೆಳೆಗಾರನಿಗೆ ಮೆಣಸಿನ ಕೊಯ್ಲಿಗೊಂದು ಕಂತು, ಅಡಿಕೆಗೊಂದು ಕಂತು ಎಂದು ಗಡುವು ಹಂಚಿಕೊಡುವುದು ಒಳಿತು.

ಕೊನೆಯದಾಗಿ, ಸರಕಿನ ಉದ್ರಿಯನ್ನೂ ನಗದು ಮುಂಗಡವನ್ನೂ ಒಂದೇ ಖಾತೆಯಲ್ಲಿ ಬೆರೆಸಬಾರದು. ಮಾರಾಟವಾಗಿ ಆದಾಯದಲ್ಲಿ ಸೇರಿದ ಬಾಕಿ ಮುಳುಗಿದರೆ, ಪುಸ್ತಕದಲ್ಲಿ ವಜಾ ಮಾಡಿ ಆದಾಯ ತೆರಿಗೆಯಲ್ಲಿ ಕಡಿತ ಕೇಳಬಹುದು. ಮುಂಗಡದ ನಷ್ಟಕ್ಕೆ ಆ ದಾರಿಯಿಲ್ಲ. ಅದು ವ್ಯಾಪಾರದ ಉದ್ದೇಶಕ್ಕಾಗಿಯೇ ಕೊಟ್ಟದ್ದೆಂದು ದಾಖಲೆ ಸಹಿತ ತೋರಿಸಬೇಕಾಗುತ್ತದೆ. ಚೇಣಿ ಕರಾರು ಬರವಣಿಗೆಯಲ್ಲಿರಲಿ, ಹಣ ಬ್ಯಾಂಕಿನ ಮೂಲಕ ಹೋಗಲಿ.